ಸೊಳ್ಳೆಗೆ ಸಂಗೀತ ಕಲಿಸಿದ್ದು: ಥೆರೆಮಿನ್ ಕಿಟ್ ರಿವ್ಯೂ

ಥೆರೆಮಿನ್ ಅಂದ್ರೆ ಮುಟ್ಟದೇ, ಏರಿಯಲ್ ಹತ್ರ ಕೈ ಆಡಿಸಿ ನುಡಿಸೋ ಎಲೆಕ್ಟ್ರಾನಿಕ್ ವಾದ್ಯ, ಅದನ್ನ ಮನೇಲೇ ಜೋಡಿಸೋ ಕಿಟ್ ಇದು. ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಮೂರು ಸ್ಟಾರ್. ಬೋರ್ಡಿಗೆ ನಾಲ್ಕು ಕೊಡ್ಬೋದು, ಅದ್ರಿಂದ ಬರೋ ಸೌಂಡಿಗೆ ಒಂದೂವರೆ ಕೊಟ್ರೇ ಹೆಚ್ಚು, ಹೆಂಗೋ ಅಡ್ಜಸ್ಟ್ ಮಾಡಿ ಮೂರು ಅಂತ ಬಿಟ್ಟಿದೀನಿ. ತಗೋಬೋದಾ ಅಂತ ಕೇಳೋರಿಗೆ ಉತ್ತರ ಏನಂದ್ರೆ, ಮನೇಲಿ ಸಾಲ್ಡರಿಂಗ್ ಐರನ್ ಇದ್ದು, ಕಿಟ್ ಜೋಡಿಸಿ ಮುಗಿದ್ಮೇಲೂ ಇನ್ನೊಂದು ಮೂರ್ನಾಲ್ಕು ಭಾನುವಾರ ಅದ್ರ ಮುಂದೆ ಕೂತು ತಲೆ ಕೆರ್ಕೊಳ್ಳೋ ತಾಳ್ಮೆ ಇದ್ರೆ ಧಾರಾಳವಾಗಿ ತಗೊಳ್ಳಿ. ಡಬ್ಬ ಬಿಚ್ಚಿ ಸ್ವಿಚ್ ಹಾಕಿ ಮಕ್ಕಳ ಬರ್ತ್‌ಡೇಲಿ ನುಡಿಸ್ತೀನಿ ಅಂದ್ಕೊಂಡಿದ್ರೆ ಬೇಡ, ನೆಂಟರು ಕೇಕ್ ತಿನ್ನೋಕ್ ಮುಂಚೆ ಎದ್ದೋಗ್ತಾರೆ.

ಆನ್‌ಲೈನಲ್ಲಿ ಕೊರಿಯರ್ ಸೇರಿ 1,240 ರೂಪಾಯಿ ಆಯ್ತು. ಮಾರಿದೋರ ಹೆಸರು ಬರೆಯಲ್ಲ, ಇದೇ ಡಿಸೈನ್ನ ಬೋರ್ಡಿನ ಬಣ್ಣ ಬದಲಾಯಿಸಿ ನಾಲ್ಕೈದು ಕಡೆ ಮಾರ್ತಿದಾರೆ, ಅದ್ರಲ್ಲಿ ಒಬ್ರನ್ನ ಮಾತ್ರ ಬೈದ್ರೆ ಏನು ಬಂತು. ಕವರೊಳಗೆ ಇದ್ದಿದ್ದು ಅಂಗೈ ಅಗಲದ ಪಿಸಿಬಿ (ಪಾರ್ಟುಗಳನ್ನ ಕೂರಿಸೋ ಬೋರ್ಡು), ಸಿಡಿ 4093 ಐಸಿ ಒಂದು, ದನಿ ಜೋರು ಮಾಡೋ ಆಂಪ್ ಐಸಿ ಎಲ್‌ಎಂ 386 ಒಂದು, ಎರಡಕ್ಕೂ ಐಸಿ ಬೇಸು, ಎರಡಿಂಚಿನ 8 ಓಮ್ ಸ್ಪೀಕರು, 9 ವೋಲ್ಟ್ ಬ್ಯಾಟರಿ ಕ್ಲಿಪ್ಪು, ಒಂದಿಷ್ಟು ರೆಸಿಸ್ಟರು ಕೆಪಾಸಿಟರು, ಟ್ಯೂನ್ ಮಾಡೋಕೆ ಒಂದು ಪ್ರಿಸೆಟ್, ವಾಲ್ಯೂಮಿಗೆ ಪಾಟ್ ಅನ್ನೋ ತಿರುಪು ಒಂದು, ಆಮೇಲೆ ಹಳೇ ಟ್ರಾನ್ಸಿಸ್ಟರ್ ರೇಡಿಯೋಗೆ ಇರ್ತಿತ್ತಲ್ಲ ಎಳೆದ್ರೆ ಉದ್ದ ಆಗೋ ಏರಿಯಲ್ಲು, ಅದೊಂದು. ಜೊತೆಗೆ ಝೆರಾಕ್ಸಿನ ಝೆರಾಕ್ಸಿನ ಝೆರಾಕ್ಸ್ ಒಂದು ಹಾಳೆ, ಅದ್ರಲ್ಲಿ ಕೆಪಾಸಿಟರಿನ ಅಳತೆ ಹೇಳೋ ನಂಬರು 103 ಯಾವ್ದು 108 ಯಾವ್ದು ಅಂತ ಆ ದೇವ್ರಿಗೇ ಗೊತ್ತು.

ಬೋರ್ಡ್ ಮಾತ್ರ ನಿಜವಾಗ್ಲೂ ಚೆನ್ನಾಗಿದೆ, ಎರಡು ಸಲ ಪಾರ್ಟ್ ಕಿತ್ತು ಹಾಕಿದ್ರೂ ಪ್ಯಾಡ್ ಎದ್ದು ಬರ್ಲಿಲ್ಲ. ಒಂದೂವರೆ ಗಂಟೇಲಿ ಜೋಡಿಸಿ ಮುಗಿಸ್ದೆ. ಆಮೇಲೆ 4093ನ ತಿರುಗಾ ಮುರುಗಾ ಕೂರಿಸಿ ಬ್ಯಾಟರಿ ಕೊಟ್ಟೆ, ಬೆರಳಿಟ್ರೆ ಚುರ್ ಅಂತು, ಐಸಿ ಹೋಯ್ತು. ಇದು ಪೂರ್ತಿ ನನ್ನ ತಪ್ಪು, ಕಿಟ್‌ದಲ್ಲ. ಬೇಸ್ ಕೊಟ್ಟಿದ್ರಿಂದ ಬಚಾವು, ಇಲ್ದಿದ್ರೆ ಹದಿನಾಲ್ಕು ಕಾಲು ಕೀಳ್ಬೇಕಿತ್ತು.

ಶನಿವಾರ ಬೆಂಗಳೂರಿನ ಎಸ್.ಪಿ. ರೋಡಿಗೆ, ಅದೇ ಎಲೆಕ್ಟ್ರಾನಿಕ್ ಪಾರ್ಟ್ ಸಿಗೋ ಪೇಟೆಗೆ ಹೋದೆ. ಅಲ್ಲಿ ಒಂದು ಗಲ್ಲಿ ಒಳಗೆ, ಇಬ್ರು ನಿಂತ್ರೆ ಮೂರನೇವ್ರಿಗೆ ಜಾಗ ಇಲ್ದಿರೋ ಅಂಗಡಿ, ಗೋಡೆ ತುಂಬ ಪ್ಲಾಸ್ಟಿಕ್ ಡ್ರಾಯರು. "ಅಣ್ಣಾ, 4093 ನಾಲ್ಕು, 4148 ಇಪ್ಪತ್ತು, 103 ಹತ್ತು, 472 ಹತ್ತು, 072 ಎರಡು" ಅಂದೆ, ಎಲ್ಲಾ ಐಸಿ, ಡಯೋಡು, ಕೆಪಾಸಿಟರುಗಳ ನಂಬರು. ಅವ್ರು ತಲೆ ಎತ್ತದೇನೇ "072 ಒರಿಜಿನಲ್ ಕೊಡ್ಲಾ, ಮಾಮೂಲಿದು ಕೊಡ್ಲಾ ಸಾರ್?" ಅಂತ ಕೇಳಿದ್ರು. ಈ ಪ್ರಾಮಾಣಿಕತೆಗೆ ಅಂಗಡಿಗೆ ಐದಕ್ಕೆ ಐದು. ಏನ್ ಮಾಡ್ತಿದೀರಾ ಅಂದ್ರು, ಮುಟ್ಟದೇ ನುಡಿಸೋ ವಾದ್ಯ ಅಂದೆ, ಒಂದ್ಸಲ ನನ್ನ ಮುಖ ನೋಡಿ ಬಿಲ್ ಹಾಕಿದ್ರು.

ಹೊಸ ಐಸಿ ಹಾಕಿ ಸ್ವಿಚ್ ಒತ್ತಿದ ಕೂಡ್ಲೇ ಶಬ್ದ ಬಂತು. ಕೈ ಹತ್ರ ತಂದ್ರೆ ಮೇಲೆ ಹೋಗುತ್ತೆ, ದೂರ ತಗೊಂಡ್ರೆ ಇಳಿಯುತ್ತೆ, ಅಷ್ಟರ ಮಟ್ಟಿಗೆ ಥೆರೆಮಿನ್ನೇ. ಆದ್ರೆ ಆ ಸ್ವರ! ಕಿವಿ ಪಕ್ಕ ಸೊಳ್ಳೆ, ಅದೂ ಶೀತ ಆಗಿರೋ ಸೊಳ್ಳೆ. ಅಡುಗೆಮನೆಯಿಂದ ಅಮ್ಮ "ಏನೋ ಅದು, ಕುಕ್ಕರ್ ಗ್ಯಾಸ್ಕೆಟ್ ಹೋಯ್ತಾ ನೋಡೋ" ಅಂದ್ರು.

ನಾನು ಕಿಟ್ ತರಿಸಿದ್ದೇ ಹೆಸರಾಂತ ಥೆರೆಮಿನ್ ವಾದಕಿ ಕ್ಲಾರಾ ರಾಕ್‌ಮೋರ್ ನುಡಿಸಿದ್ದು ಕೇಳಿ. ರಷ್ಯಾದ ಲೆವ್ ಟೆರ್ಮೆನ್ ಅನ್ನೋ ವಿಜ್ಞಾನಿ 1920ರಲ್ಲಿ ಪೆಟ್ರೋಗ್ರಾಡಲ್ಲಿ ಗ್ಯಾಸುಗಳ ಗುಣ ಅಳೆಯೋ ಯಂತ್ರ ಮಾಡ್ತಿದ್ದಾಗ ಕೈ ಆಡಿಸಿದ್ರೆ ಸ್ವರ ಬದಲಾಗೋದು ನೋಡಿ ಈ ವಾದ್ಯ ಮಾಡಿದ್ದು, 1928ರಲ್ಲಿ ಅಮೆರಿಕದಲ್ಲಿ ಪೇಟೆಂಟೂ ಆಯ್ತು. ಆತ ಚೆಲ್ಲೋ ಕಲಿತಿದ್ದ ಮನುಷ್ಯ, ಅದು ಇಲ್ಲಿ ಮುಖ್ಯ, ಯಾಕಂದ್ರೆ ಸ್ವರ ಬಂದ್ರೆ ಸಾಕು ಅಂತ ಬಿಡೋ ಪೈಕಿ ಅಲ್ಲ. ರಾಕ್‌ಮೋರ್ ಕೈಯಲ್ಲಿ ಅದು ಚೆಲ್ಲೋನಾ ಹೆಣ್ಣುಮಗಳ ದನಿಯಾ ಅಂತ ಗೊತ್ತೇ ಆಗಲ್ಲ. ಸಿದ್ಧಾಂತ ಅದೇ, ಏರಿಯಲ್ ಅದೇ, ಮತ್ತೆ ನನ್ನ ಕಿಟ್ಟಲ್ಲಿ ಯಾಕೆ ಸೊಳ್ಳೆ? ಈ ಪ್ರಶ್ನೆ ಹಿಡ್ಕೊಂಡು ಹೋದ್ರೆ ಕಿಟ್ ಮಾಡಿದೋರು ಎಲ್ಲಿ ಕೈಕೊಟ್ಟಿದಾರೆ ಅಂತ ಸ್ಪಷ್ಟ ಆಗುತ್ತೆ.

ಬೋರ್ಡಲ್ಲಿ ಎರಡು ಆಸಿಲೇಟರ್, ಅಂದ್ರೆ ಒಂದೇ ಸಮ ಅಲೆ ಹುಟ್ಟಿಸೋ ಸರ್ಕ್ಯೂಟ್ ಇದೆ, ಎರಡೂ 400 ಕಿಲೋಹರ್ಟ್ಜ್ ಆಸುಪಾಸು, ಕಿವಿಗೆ ಕೇಳೋದೇ ಇಲ್ಲ. ಒಂದು ಫಿಕ್ಸ್ಡು, ಇನ್ನೊಂದಕ್ಕೆ ಏರಿಯಲ್ಲು ಮತ್ತು ಪ್ರಿಸೆಟ್. ನಮ್ಮ ಕೈ ಏರಿಯಲ್ ಹತ್ರ ಬಂದ್ರೆ ಅಲ್ಲಿರೋ ಕೆಪಾಸಿಟೆನ್ಸಿಗೆ (ಚಾರ್ಜ್ ಹಿಡಿದಿಡೋ ಶಕ್ತಿ, ಪಿಕೋಫ್ಯಾರಡ್ ಅದ್ರ ಅಳತೆ) ಒಂಚೂರು ಸೇರುತ್ತೆ, ಒಂದು ಪಿಕೋಫ್ಯಾರಡಿಗಿಂತ ಕಮ್ಮಿ. 100 ಪಿಕೋಫ್ಯಾರಡ್ ಇರೋ ಕಡೆ ಅರ್ಧ ಪಿಕೋಫ್ಯಾರಡ್ ಸೇರಿದ್ರೆ ನೂರಕ್ಕೆ ಅರ್ಧ ಭಾಗ, 400 ಕಿಲೋಹರ್ಟ್ಜಲ್ಲಿ ಅದು 2,000 ಹರ್ಟ್ಜ್. ಎರಡರ ವ್ಯತ್ಯಾಸ ಮಾತ್ರ ಸ್ಪೀಕರಿಗೆ ಹೋಗುತ್ತೆ, ಅದೇ ನಮಗೆ ಕೇಳೋ ಸ್ವರ. ಇಷ್ಟು ಎಲ್ಲಾ ಕಡೆ ಬರೆದಿರ್ತಾರೆ. ಆ ವ್ಯತ್ಯಾಸದ ಅಲೆ ಯಾವ ಆಕಾರದಲ್ಲಿ ಹೊರಗೆ ಬರುತ್ತೆ ಅನ್ನೋದನ್ನ ಮಾತ್ರ ಯಾರೂ ಬರೆಯಲ್ಲ, ಸೌಂಡ್ ನಿಂತಿರೋದೇ ಅದ್ರ ಮೇಲೆ.

ಸಿಗ್ನಲಲ್ಲಿ ನಿಂತಾಗ ಮುಂದೆ ಎರಡು ಆಟೋ ಇಂಡಿಕೇಟರ್ ಹಾಕ್ಕೊಂಡು ನಿಂತಿರೋದು ನೋಡಿರ್ತೀರ. ಎರಡೂ ಮಿಣ್ ಮಿಣ್ ಅಂತಿರುತ್ತೆ, ಸ್ವಲ್ಪ ಹೊತ್ತು ಒಟ್ಟಿಗೆ, ಆಮೇಲೆ ಮೆಲ್ಲಗೆ ಜಾರ್ತಾ ಜಾರ್ತಾ ಒಂದು ಹತ್ತಿದಾಗ ಇನ್ನೊಂದು ಆರಿರುತ್ತೆ, ಮತ್ತೆ ಮೆಲ್ಲಗೆ ಒಟ್ಟಾಗುತ್ತೆ. ಎರಡೂ ಒಟ್ಟಿಗೆ ಉರಿಯೋ ಸಮಯ ಎಷ್ಟು ಅಂತ ಲೆಕ್ಕ ಇಟ್ರೆ ಅದು ಒಂದೇ ಸಮ ಏರುತ್ತೆ, ಒಂದೇ ಸಮ ಇಳಿಯುತ್ತೆ. ಅಂದ್ರೆ ತ್ರಿಕೋನ. 4093 ಒಳಗಿರೋ ನ್ಯಾಂಡ್ ಗೇಟು ಮಾಡೋದು ಇದೇ ಲೆಕ್ಕ, ಎರಡೂ ಹೈ ಇದ್ದಾಗ ಮಾತ್ರ ಲೋ ಆಗುತ್ತೆ. ಆ ಪಲ್ಸುಗಳನ್ನ ಒಂದು ರೆಸಿಸ್ಟರು ಒಂದು ಕೆಪಾಸಿಟರಲ್ಲಿ ಸೋಸಿದ್ರೆ 9 ವೋಲ್ಟ್ ಸಪ್ಲೈಗೆ ನಾಲ್ಕೂವರೆ ವೋಲ್ಟ್ ಎತ್ತರದ ಅಚ್ಚುಕಟ್ಟು ತ್ರಿಕೋನ ಅಲೆ ಸಿಗುತ್ತೆ. ತ್ರಿಕೋನ ಅಲೆ ಕೇಳೋಕೆ ಕೆಟ್ಟದಲ್ಲ ಸ್ವಾಮಿ, ಅದ್ರಲ್ಲಿ ಮೂರನೇ ಹಾರ್ಮೋನಿಕ್ (ಮೂಲ ಸ್ವರದ ಮೂರು ಪಟ್ಟು ಫ್ರೀಕ್ವೆನ್ಸಿಯ ಉಪಸ್ವರ) ಒಂಬತ್ತರಲ್ಲಿ ಒಂದು ಪಾಲು, ಐದನೇದು ಇಪ್ಪತ್ತೈದರಲ್ಲಿ ಒಂದು ಪಾಲು, ಹೆಚ್ಚೂಕಮ್ಮಿ ಕೊಳಲಿನ ಹತ್ರದ ಮೆತ್ತನೆ ಸ್ವರ.

ಹಂಗಾದ್ರೆ ಸೊಳ್ಳೆ ಬಂದಿದ್ದು ಎಲ್ಲಿಂದ? ಎಲ್‌ಎಂ 386 ಇಂದ. ಅದ್ರ 1 ಮತ್ತು 8ನೇ ಪಿನ್ ಮಧ್ಯೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದ್ರೆ ಗೇನ್, ಅಂದ್ರೆ ಸಿಗ್ನಲನ್ನ ಎಷ್ಟು ಪಟ್ಟು ಮಾಡುತ್ತೆ ಅನ್ನೋದು, 200, ಹಾಕ್ದಿದ್ರೆ 20. ಇವ್ರು ಹಾಕಿದಾರೆ. ವಾಲ್ಯೂಮ್ ಪೂರ್ತಿ ತಿರುಗಿಸಿದ್ರೆ ಆಂಪ್ ಬಾಗಿಲಿಗೆ ಮೂರು ವೋಲ್ಟಿಗೂ ಮೇಲೆ ಬರುತ್ತೆ, ಅದನ್ನ 200 ಪಟ್ಟು ಮಾಡು ಅಂದ್ರೆ 600 ವೋಲ್ಟು, ಇರೋದು 9 ವೋಲ್ಟಿನ ಬ್ಯಾಟರಿ. ಪಾಪ ಅದು ತಲೆ ಬುಡ ಎರಡೂ ಕತ್ತರಿಸಿ ಚೌಕದ ಅಲೆ ಮಾಡಿ ಹೊರಗೆ ಎಸೆಯುತ್ತೆ. ಅಂದ್ರೆ ಒಳಗೆ ಕೊಳಲು ಮಾಡಿ ಬಾಗಿಲಲ್ಲಿ ಅದನ್ನ ಮುರಿದು ಕಳಿಸ್ತಿದಾರೆ. ಜೋರಾಗಿ ಕೇಳ್ಲಿ ಅಂತ ಮಾಡಿರ್ಬೇಕು. ಸೋಸೋ ಕೆಪಾಸಿಟರೂ ಅಷ್ಟೇ, 10 ಕೆ ಜೊತೆ 102 ಇಟ್ಟಿದಾರೆ, ಅದು ಕಡಿಯೋದು 16 ಕಿಲೋಹರ್ಟ್ಜ್ ಮೇಲೆ, ಸ್ವರದ ಮೃದುತ್ವಕ್ಕೆ ಅದ್ರಿಂದ ಏನೂ ಪ್ರಯೋಜನ ಇಲ್ಲ.

ಹಂಗಾಗಿ ಮೊದಲನೇ ರಿಪೇರಿ ಬಿಟ್ಟಿ. ಆ 10 ಮೈಕ್ರೋ ಕಿತ್ತು ಬಿಸಾಕಿ. ವಾಲ್ಯೂಮ್ ಪಾಟಿಗೆ ಹೋಗೋ ದಾರೀಲಿ ಒಂದು 470 ಕೆ ರೆಸಿಸ್ಟರ್ ಸೀರೀಸಲ್ಲಿ ಹಾಕಿ. 102 ತೆಗೆದು 472 ಹಾಕಿ, ಆಗ 3.4 ಕಿಲೋಹರ್ಟ್ಜ್ ಮೇಲಿಂದ ಮೆಲ್ಲಗೆ ಕಡಿಯೋಕೆ ಶುರು ಮಾಡುತ್ತೆ. ಇಷ್ಟು ಮಾಡಿ ಆನ್ ಮಾಡ್ದಾಗ ನಾನೇ ಒಂದು ಕ್ಷಣ ಕೆಟ್ಟೋಯ್ತೇನೋ ಅಂದ್ಕೊಂಡೆ, ಅಷ್ಟು ಮೆತ್ತಗೆ ಬಂತು ದನಿ. ಅದೇ ಬೋರ್ಡು, ಅದೇ ಐಸಿ. ಹತ್ತು ನಿಮಿಷದ ಕೆಲಸ.

ಎರಡನೇದು ಡಯೋಡು, ನನಗೆ ಅತಿ ಹೆಚ್ಚು ಮಜಾ ಕೊಟ್ಟಿದ್ದು ಇದೇ. ಸೋಸಿದ ತ್ರಿಕೋನನ ಒಂದು ಕಪ್ಲಿಂಗ್ ಕೆಪಾಸಿಟರ್ ದಾಟಿಸಿ, 100 ಕೆ ಪಾಟಿಗೆ ಕೊಟ್ಟು, ಪಾಟಿನ ನಡುವಿನ ಕಾಲಿಂದ 10 ಕೆ ರೆಸಿಸ್ಟರ್ ಮೂಲಕ ಹೊರಗೆ ತಂದು, ಅಲ್ಲಿಂದ ಗ್ರೌಂಡಿಗೆ ಎರಡು 1ಎನ್ 4148 ಒಂದಕ್ಕೊಂದು ಉಲ್ಟಾ. ಡಯೋಡು ಅರ್ಧ ವೋಲ್ಟ್ ದಾಟ್ತಿದ್ದಂಗೆ ಮೆಲ್ಲಗೆ ಬಾಗಿಲು ತೆಗೆಯುತ್ತೆ, ತಟ್ ಅಂತ ಅಲ್ಲ, ಆ ಮೆಲ್ಲಗೆ ಅನ್ನೋದೇ ಇಲ್ಲಿ ಬಂಡವಾಳ. ಪಾಟ್ ಕಮ್ಮಿ ಇದ್ರೆ ತ್ರಿಕೋನ ಹಂಗೇ ಹೋಗುತ್ತೆ. ಸ್ವಲ್ಪ ಏರಿಸಿದ್ರೆ ತ್ರಿಕೋನದ ಚೂಪು ತುದಿ ಮಾತ್ರ ಸವೆದು ದುಂಡಗಾಗುತ್ತೆ, ಹೆಚ್ಚೂಕಮ್ಮಿ ಸೈನ್ ವೇವ್, ಶುದ್ಧ ಸಿಳ್ಳೆ. ಇನ್ನೂ ಏರಿಸಿದ್ರೆ ತಲೆ ಚಪ್ಪಟೆ ಆಗ್ತಾ ಆಗ್ತಾ ಚೌಕದ ಕಡೆ ಹೋಗುತ್ತೆ, ಕ್ಲಾರಿನೆಟ್ಟಿನ ಕೆಳಗಿನ ಸ್ವರದ ಥರ ಟೊಳ್ಳು ಟೊಳ್ಳಾದ ದನಿ. ಒಂದು ಪಾಟಲ್ಲಿ ಮೂರು ವಾದ್ಯ, ಖರ್ಚು ಡಯೋಡಿಗೆ ಎರಡು ಮೂರು ರೂಪಾಯಿ. ಸಿಂಥಸೈಜರಿಗೆ ಹೆಸರಾದ ರಾಬರ್ಟ್ ಮೋಗ್ ಅವರ ಈಥರ್‌ವೇವ್ ಥೆರೆಮಿನ್ ಮುಂಭಾಗದಲ್ಲಿ ವೇವ್‌ಫಾರ್ಮ್ ಅಂತ ಒಂದು, ಬ್ರೈಟ್‌ನೆಸ್ ಅಂತ ಒಂದು ತಿರುಪು ಇರುತ್ತೆ, ಆ ಎರಡು ತಿರುಪಿನ ಬಡವರ ಆವೃತ್ತಿ ಇದು ಅಂದ್ಕೊಳ್ಳಿ. ಒಳಗಿನ ಸರ್ಕ್ಯೂಟ್ ಬೇರೆ, ಉದ್ದೇಶ ಒಂದೇ. ಹೇಳೋದು ಮರೆತೆ, ಡಯೋಡ್ ಹಾಕಿದ್ಮೇಲೆ ಸಿಗ್ನಲ್ ಒಂದು ವೋಲ್ಟಿನ ಹತ್ರಕ್ಕೆ ಇಳಿದೋಗುತ್ತೆ, ಆಗ ಆ 470 ಕೆ ತೆಗೆದು 100 ಕೆ ಹಾಕಿ, ಇಲ್ಲಾಂದ್ರೆ ಕಿವಿಗೆ ಕೇಳೋದೇ ಇಲ್ಲ. ನಾನು ಅರ್ಧ ಗಂಟೆ ಸಾಲ್ಡರ್ ಲೂಸಾಗಿದೆ ಅಂತ ಹುಡುಕಿದೀನಿ.

ಇದ್ರಲ್ಲಿ ಇನ್ನೊಂದು ಗಮ್ಮತ್ತು ನಾನು ಪ್ಲಾನ್ ಮಾಡ್ದೇ ಸಿಕ್ಕಿದ್ದು. 472 ಮೊದ್ಲು, ಡಯೋಡ್ ಆಮೇಲೆ ಇದ್ರೆ, ಸ್ವರ ಮೇಲೆ ಹೋದಷ್ಟೂ ಡಯೋಡಿಗೆ ಸಿಗೋ ವೋಲ್ಟೇಜ್ ಕಮ್ಮಿ ಆಗ್ತಾ ಹೋಗುತ್ತೆ. ಹಂಗಾಗಿ ಮಂದ್ರದಲ್ಲಿ ತುಂಬು ದನಿ, ತಾರಕ್ಕೆ ಹೋಗ್ತಾ ತಿಳಿಯಾಗುತ್ತೆ. ಇದನ್ನ ಉಲ್ಟಾ ಮಾಡಿ ಡಯೋಡ್ ಮೊದ್ಲು ಫಿಲ್ಟರ್ ಆಮೇಲೆ ಇಟ್ಟೂ ನೋಡ್ದೆ, ಮೇಲಿನ ಸ್ವರಗಳು ಮಂಕಾದ್ವು ಅಷ್ಟೇ, ಜೀವ ಇಲ್ಲ. ಈಗ ಎರಡು ಕಡೇನೂ ಇಟ್ಟಿದೀನಿ, ಹಿಂದಿನದಕ್ಕೆ 103 ಜೊತೆ 10 ಕೆ ಪಾಟು, ಅದು ನನ್ನ ಬ್ರೈಟ್‌ನೆಸ್ಸು.

ಡಯೋಡ್ ಹುಚ್ಚು ಹತ್ತಿದ್ರೆ ಒಂದಕ್ಕೆ ನಿಲ್ಲಲ್ಲ. ಒಂದು ಕಡೆ ಒಂದು ಡಯೋಡ್, ಇನ್ನೊಂದು ಕಡೆ ಎರಡು ಸೀರೀಸಲ್ಲಿ ಹಾಕ್ದೆ. ಅಲೆಯ ಮೇಲರ್ಧ ಒಂದು ಥರ ಕೆಳಗರ್ಧ ಇನ್ನೊಂದು ಥರ ಕತ್ತರಿಸುತ್ತೆ, ಆಗ ಎರಡನೇ ನಾಲ್ಕನೇ ಹಾರ್ಮೋನಿಕ್ಕೂ ಹುಟ್ಟುತ್ತೆ, ಸ್ವರಕ್ಕೆ ಸ್ವಲ್ಪ ಮೂಗು ಬರುತ್ತೆ, ಟೊಳ್ಳುತನ ಹೋಗುತ್ತೆ. ನನಗೆ ಇದೇ ಇಷ್ಟ ಆಗಿ ಇದನ್ನೇ ಉಳಿಸ್ಕೊಂಡೆ. ಎಲ್‌ಇಡಿನೇ ಡಯೋಡ್ ಥರ ಹಾಕ್ಬೋದು ಅಂತ ಹಾಕಿದ್ರೆ, ಕೆಂಪು ಎಲ್‌ಇಡಿಗೆ 1.7, 1.8 ವೋಲ್ಟ್ ಬೇಕು, ಪಾಟ್ ಪೂರ್ತಿ ತಿರುಗಿಸಿದ್ರೂ ಏನೂ ವ್ಯತ್ಯಾಸ ಗೊತ್ತಾಗ್ಲಿಲ್ಲ. ತಾತನ ಕಾಲದ ರೇಡಿಯೋ ಬೋರ್ಡಿಂದ ಒಂದೇ ಒಂದು ಒಎ 79 ಸಿಕ್ತು, ಜರ್ಮೇನಿಯಮ್ ಡಯೋಡು, 4148ಕ್ಕಿಂತ ಮುಂಚೆನೇ ಬಾಗೋಕೆ ಶುರು ಮಾಡುತ್ತೆ, ಇನ್ನೂ ನಯ. ಜೋಡಿ ಸಿಗ್ಲಿಲ್ಲ, ಸಿಕ್ರೆ ಬಿಡಲ್ಲ.

ಮೂರನೇದು ಕಿಟ್ಟಿನ ದೊಡ್ಡ ಕೊರತೆ, ವಾಲ್ಯೂಮಿಗೆ ಏರಿಯಲ್ ಇಲ್ಲ. ನಿಜವಾದ ಥೆರೆಮಿನಲ್ಲಿ ಎಡಗೈಗೆ ಒಂದು ಬಳೆಯಾಕಾರದ ಏರಿಯಲ್ ಇರುತ್ತೆ, ಕೈ ಇಳಿಸಿದ್ರೆ ದನಿ ಇಳಿಯುತ್ತೆ. ಅದಿಲ್ದೆ ಸ-ಯಿಂದ ಪ-ಗೆ ಹೋಗ್ಬೇಕಾದ್ರೆ ಮಧ್ಯದ ಎಲ್ಲಾ ಸ್ವರಾನೂ ಸವರ್ಕೊಂಡೇ ಹೋಗ್ಬೇಕು, ಅದು ಗಮಕ ಅಲ್ಲ, ಆಂಬುಲೆನ್ಸು. ಇನ್ನೊಂದು ಜೊತೆ ಆಸಿಲೇಟರ್ ಕಟ್ಟೋ ಶಕ್ತಿ ನನಗಿರ್ಲಿಲ್ಲ, ಅದಕ್ಕೆ ಎಲ್‌ಡಿಆರ್ ಹಾಕ್ದೆ, ಹತ್ತು ರೂಪಾಯಿದು, ಸಿಗ್ನಲಿಂದ ಗ್ರೌಂಡಿಗೆ. ಬೆಳಕು ಬಿದ್ರೆ ಅದ್ರ ರೆಸಿಸ್ಟೆನ್ಸ್ ಇಳಿದು ಸಿಗ್ನಲೆಲ್ಲ ಗ್ರೌಂಡಿಗೆ ಹರಿದೋಗುತ್ತೆ, ದನಿ ಬಂದ್. ಎಡಗೈ ಅಡ್ಡ ಹಿಡಿದು ನೆರಳು ಮಾಡಿದ್ರೆ ದನಿ ಬರುತ್ತೆ. ಎಲ್‌ಡಿಆರಿನ ಸ್ವಭಾವ ಏನಂದ್ರೆ ಬೆಳಕಿಗೆ ಬೇಗ ಓಗೊಡುತ್ತೆ, ಕತ್ತಲಿಗೆ ನಿಧಾನ. ಹಂಗಾಗಿ ಕೈ ಮುಚ್ಚಿದ್ರೆ ಸ್ವರ ಮೆಲ್ಲಗೆ ಉಬ್ಬಿ ಬರುತ್ತೆ, ಪಿಟೀಲಿನ ಕಮಾನು ತಂತಿ ಮೇಲೆ ಕೂರ್ತಾ ಇರೋ ಥರ, ಕೈ ತೆಗೆದ್ರೆ ಚಟ್ ಅಂತ ನಿಲ್ಲುತ್ತೆ. ನುಣ್ಣಗೆ ಸ್ವರ ಬಿಡಿಸಿ ನುಡಿಸೋಕೆ ಸಾಧ್ಯ ಆಗಿದ್ದು ಇದ್ರಿಂದಾನೇ. ಆದ್ರೆ ರಾತ್ರಿ ಹಾಲಿನ ಬಲ್ಬ್ ಕೆಳಗೆ ನುಡಿಸಿದ್ರೆ ಪ್ರತಿ ಸ್ವರದಲ್ಲೂ ಗರಗರ ಅಂತ ಒಂದು ನಡುಕ. ಗ್ರೌಂಡಿಂಗ್ ತಪ್ಪಾಗಿದೆ ಅಂತ ಎರಡು ದಿನ ಬೋರ್ಡ್ ಉಲ್ಟಾಪಲ್ಟಾ ಮಾಡಿ ನೋಡ್ದೆ. ಕೊನೆಗೆ ಕರೆಂಟ್ ಹೋದಾಗ ಗೊತ್ತಾಯ್ತು! ಮೊಬೈಲ್ ಟಾರ್ಚಲ್ಲಿ ನುಡಿಸಿದ್ರೆ ನಡುಕ ಇಲ್ಲ. ಮನೆ ಕರೆಂಟು 50 ಹರ್ಟ್ಜ್, ಬಲ್ಬು ಸೆಕೆಂಡಿಗೆ 100 ಸಲ ಕಣ್ಣಿಗೆ ಕಾಣ್ದಂಗೆ ಮಿಣುಕುತ್ತೆ, ನಮ್ಮ ಕಣ್ಣಿಗೆ ಕಾಣ್ದಿದ್ರೂ ಎಲ್‌ಡಿಆರಿಗೆ ಅಲ್ಪಸ್ವಲ್ಪ ಕಾಣುತ್ತೆ. ಈಗ ಅದ್ರ ತಲೆ ಮೇಲೆ ಬ್ಯಾಟರಿಯಿಂದಾನೇ ಓಡೋ ಒಂದು ಬಿಳಿ ಎಲ್‌ಇಡಿ ಬಗ್ಗಿಸಿಟ್ಟು, ಸುತ್ತ ಕಪ್ಪು ಇನ್ಸುಲೇಷನ್ ಟೇಪ್ ಸುತ್ತಿದೀನಿ.

ಕಂಪ್ಲೇಂಟ್ ಇನ್ನೂ ಇದೆ. ಎರಡು ಆಸಿಲೇಟರನ್ನೂ ಒಂದೇ 4093 ಒಳಗೆ ಇಟ್ಟಿದಾರೆ, ಒಂದೇ ಸಪ್ಲೈ, ಒಂದೇ ಗ್ರೌಂಡು. ಎರಡರ ಫ್ರೀಕ್ವೆನ್ಸಿ ಹತ್ರ ಹತ್ರ ಬಂದ್ರೆ ಒಂದನ್ನೊಂದು ಎಳ್ಕೊಂಡು ಜೋಡಿ ಆಗ್ಬಿಡ್ತವೆ, ವ್ಯತ್ಯಾಸ ಸೊನ್ನೆ, ದನಿ ಗಪ್‌ಚುಪ್. ಟ್ಯೂನರ್ ಆ್ಯಪಲ್ಲಿ ನೋಡಿದ್ರೆ ಸುಮಾರು 200 ಹರ್ಟ್ಜ್ ಕೆಳಗೆ ಸ್ವರಾನೇ ಇಲ್ಲ, ಮಂದ್ರಸ್ಥಾಯಿ ಅನ್ನೋದನ್ನೇ ಕಿಟ್ ಮಾಡಿದೋರು ರದ್ದು ಮಾಡಿದಾರೆ. ಫಿಕ್ಸ್ಡ್ ಆಸಿಲೇಟರನ್ನ ಬೇರೆ 4093ಗೆ, ಚಿಕ್ಕ ಬೇರೆ ಬೋರ್ಡಿಗೆ ವರ್ಗ ಮಾಡಿ, ಎರಡಕ್ಕೂ ಸಪ್ಲೈ ದಾರೀಲಿ 100 ಓಮ್ ಮತ್ತು ಐಸಿ ಕಾಲಿಗೇ ಅಂಟಿಸಿ 104 ಹಾಕಿದ್ಮೇಲೆ ಚೆನ್ನಾಗಿ ಕೆಳಗಿಳಿಯೋಕೆ ಶುರುವಾಯ್ತು. ಆದ್ರೆ ಈ ಎಳೆದಾಟ ಪೂರ್ತಿ ಕೆಟ್ಟದ್ದು ಅಂತಾನೂ ಹೇಳೋಕಾಗಲ್ಲ, ಒಂಚೂರು ಉಳಿದ್ರೆ ಕೆಳಗಿನ ಸ್ವರಗಳಲ್ಲಿ ಅಲೆ ಒಂದು ಕಡೆ ವಾಲುತ್ತೆ, ಅದ್ರಿಂದ ಒಂದು ಗಡಸು ಬರುತ್ತೆ, ಕೇಳೋಕೆ ಚೆಂದ. ಬೋರ್ಡುಗಳನ್ನ ಎಷ್ಟು ಹತ್ರ ಇಡ್ತೀರ ಅನ್ನೋದ್ರಲ್ಲೇ ಅದನ್ನ ಹೆಚ್ಚುಕಮ್ಮಿ ಮಾಡ್ಬೋದು, ನಾನು ನಡುವೆ ಒಂದು ಬೆಂಕಿಪೊಟ್ಟಣ ಇಟ್ಟು ಅಂಟಿಸಿದೀನಿ.

ಉಪಯೋಗಿಸ್ದೇ ಇರೋ ನಾಲ್ಕನೇ ಗೇಟಿನ ಇನ್‌ಪುಟ್ಟನ್ನ ಎಲ್ಲಿಗೂ ಕನೆಕ್ಟ್ ಮಾಡ್ದೇ ಗಾಳೀಲಿ ಬಿಟ್ಟಿದಾರೆ. 4093 ಥರದ ಸಿಮಾಸ್ ಐಸಿಯಲ್ಲಿ ಹಂಗೆ ಬಿಡಬಾರ್ದು ಅಂತ ಡಿಪ್ಲೊಮಾ ಎರಡನೇ ಸೆಮಿಸ್ಟರ್ ಹುಡುಗ್ರಿಗೂ ಗೊತ್ತು, ಅದು ಸುತ್ತಮುತ್ತಲಿನ ಕರೆಂಟ್ ವೈರುಗಳ ಗದ್ದಲನೆಲ್ಲ ಹೀರ್ಕೊಂಡು ಸುಮ್ನೆ ಆಚೀಚೆ ಕುಣೀತಾ ಕರೆಂಟ್ ತಿನ್ನುತ್ತೆ. ಮಾರಿದೋರಿಗೆ ಮೆಸೇಜ್ ಮಾಡ್ದೆ. "ಸಾರ್ ಸೌಂಡ್ ಬರ್ತಿದೆ ಅಲ್ವಾ?" ಅಂತ ಉತ್ತರ ಬಂತು. ಒಂದು ತುಂಡು ವೈರಲ್ಲಿ ನಾನೇ ಗ್ರೌಂಡಿಗೆ ಕಟ್ಟಿದೆ. ಆಸಿಲೇಟರಿನ ಕೆಪಾಸಿಟರ್ ಮಾಮೂಲಿ ಸೆರಾಮಿಕ್, ಫ್ಯಾನ್ ಗಾಳಿ ಬಡಿದ್ರೆ ಸಾಕು ಸ್ವರ ಜಾರುತ್ತೆ, ಅದನ್ನೂ ಎನ್‌ಪಿ ಸೊನ್ನೆ ಅಂತ ಬರುತ್ತಲ್ಲ ಬಿಸಿಗೆ ಬದಲಾಗ್ದೇ ಇರೋದು, ಅದಕ್ಕೆ ಬದಲಾಯಿಸಿದ್ಮೇಲೆ ಅರ್ಧ ಗಂಟೆ ಟ್ಯೂನ್ ಕೆಡಲ್ಲ.

ಏರಿಯಲ್ ಬಗ್ಗೆ ಒಂದು ಮಾತು. ಬ್ಯಾಟರಿಯಲ್ಲಿ ಓಡೋದ್ರಿಂದ ಬೋರ್ಡಿಗೆ ಭೂಮಿ ಸಂಬಂಧಾನೇ ಇಲ್ಲ, ಕೈ ಒಂದು ಗೇಣು ಹತ್ರ ಬಂದ್ರೆ ಮಾತ್ರ ಏನೋ ಆಗುತ್ತೆ. ನೆಗೆಟಿವಿಂದ ಒಂದು ವೈರ್ ಎಳೆದು ಕಿಟಕಿ ಸರಳಿಗೆ ಕಟ್ಟಿದೆ, ಒಂದೂವರೆ ಮೊಳದಿಂದಾನೇ ಸ್ವರ ಕದಲೋಕೆ ಶುರು. ಪ್ಲಗ್ಗಿನ ಅರ್ತ್ ಪಿನ್ನಿಗೆ ವೈರ್ ತುರುಕೋ ಸಾಹಸ ಮಾಡ್ಬೇಡಿ ದಯವಿಟ್ಟು. ಮಿಠಾಯಿ ಡಬ್ಬಕ್ಕೆ ಹಾಕಿದ್ರೆ ಚೆನ್ನಾಗಿರುತ್ತೆ ಅಂತ ಹಾಕಿ, ಏರಿಯಲ್ ಪಕ್ಕಾನೇ ತಗಡು ಬಂದು ಟ್ಯೂನಿಂಗೆಲ್ಲ ಎಲ್ಲಿಗೋ ಹೋಯ್ತು, ಈಗ ಪ್ಲಾಸ್ಟಿಕ್ ಟಿಫನ್ ಬಾಕ್ಸು.

ಆಸಿಲೇಟರ್ ಓಡ್ತಿದೆಯಾ ಇಲ್ವಾ ನೋಡೋಕೆ ಆಸಿಲೋಸ್ಕೋಪ್ ಬೇಕಾಗಿಲ್ಲ, ಎಎಂ ರೇಡಿಯೋ ಸಾಕು. ಬೆಂಗಳೂರು ಆಕಾಶವಾಣಿ 612 ಕಿಲೋಹರ್ಟ್ಜಿಗೆ ಇಟ್ಟು, ಬೋರ್ಡನ್ನ ಪಕ್ಕ ತಂದು ಪ್ರಿಸೆಟ್ ತಿರುಗಿಸ್ತಾ ಹೋದ್ರೆ ಒಂದು ಕಡೆ ವಾರ್ತೆ ಓದೋರ ದನಿ ಮೇಲೆ ಕುಯ್ಯ್ ಅಂತ ಒಂದು ಸಿಳ್ಳೆ ಏಳುತ್ತೆ. ಆಗ ಏರಿಯಲ್ ಹತ್ರ ಕೈ ಆಡಿಸಿ ನೋಡಿ, ಸಿಳ್ಳೆ ಏರಿಳಿಯುತ್ತೆ. ಅಂದ್ರೆ ಆಕಾಶವಾಣಿಯವರ ಟ್ರಾನ್ಸ್‌ಮಿಟರೇ ನಮ್ಮ ಎರಡನೇ ಆಸಿಲೇಟರ್ ಆಗಿ ಕೆಲಸ ಮಾಡ್ತಿದೆ. ಕಿಟ್ ಪೂರ್ತಿ ಓಡಿದಾಗ್ಲೂ ನನಗೆ ಇಷ್ಟು ಖುಷಿ ಆಗಿರ್ಲಿಲ್ಲ. ಜಾಸ್ತಿ ಹೊತ್ತು ಆಡ್ಬೇಡಿ, ಪಕ್ಕದ ಮನೆ ರೇಡಿಯೋಲೂ ಕೇಳ್ಬೋದು.

ದನಿಗೆ ಮನುಷ್ಯರ ಬಾಯಿ ಕೊಡೋ ಪ್ರಯತ್ನಾನೂ ಮಾಡ್ದೆ. ನಾವು "ಆ" ಅಂತ ಯಾವ ಶ್ರುತೀಲಿ ಹಾಡಿದ್ರೂ ಅದು "ಆ" ಅಂತಾನೇ ಕೇಳುತ್ತಲ್ಲ, ಯಾಕಂದ್ರೆ ಬಾಯೊಳಗಿನ ಪೊಳ್ಳು ಸುಮಾರು 700 ಮತ್ತೆ 1,100 ಹರ್ಟ್ಜ್ ಹತ್ರ ಇರೋದನ್ನ ಎತ್ತಿ ಹಿಡಿಯುತ್ತೆ, ಶ್ರುತಿ ಬದಲಾದ್ರೂ ಆ ಜಾಗ ಕದಲಲ್ಲ. ಟಿಎಲ್ 072 ಐಸಿಯಲ್ಲಿ ಎರಡು ಬ್ಯಾಂಡ್‌ಪಾಸ್ ಫಿಲ್ಟರ್ (ಒಂದು ಜಾಗದ ಸ್ವರ ಮಾತ್ರ ಬಿಡೋ ಜರಡಿ) ಮಾಡಿ, ಆ ಎರಡು ಜಾಗಕ್ಕೆ ಹೊಂದಿಸಿ, ಕೂಡಿಸಿದೆ. ಮೊದ್ಲ ಸಲ ಏನೂ ಆಗ್ಲಿಲ್ಲ, ದನಿ ಹೆಚ್ಚುಕಮ್ಮಿ ಆಯ್ತು ಅಷ್ಟೇ. ಆಮೇಲೆ ಹೊಳೀತು, ನಾನು ವೇವ್‌ಫಾರ್ಮ್ ಪಾಟನ್ನ ಸೈನ್ ಜಾಗದಲ್ಲಿ ಇಟ್ಟಿದ್ದೆ, ಸೈನಲ್ಲಿ ಒಂದೇ ಸ್ವರ, ಆರಿಸಿ ಎತ್ತೋಕೆ ಅಲ್ಲಿ ಏನಿದೆ? ಡಯೋಡ್ ಪೂರ್ತಿ ಏರಿಸಿ, ಆ ಮೂಗಿನ ದನಿ ಕೊಟ್ಟಾಗ "ಆ" ಅಂದಂಗೇ ಕೇಳ್ತು. ಹಾಡುಗಾರ ಅಲ್ಲ, ಬಾಗಿಲು ಹಾಕಿರೋ ಕೋಣೆ ಒಳಗೆ ಯಾರೋ ಆಕಳಿಸ್ತಿರೋ ಹಂಗೆ, ಆದ್ರೂ ಮನುಷ್ಯರದ್ದೇ.

ಎಕೋಗೆ ಕರೋಕೆ ಸೆಟ್ಟಿಗೆ ಬರೋ ಪಿಟಿ 2399 ಬೋರ್ಡ್ ಹಾಕ್ದೆ, ರೆಡಿಮೇಡ್ ಸಿಗುತ್ತೆ. ಅದಕ್ಕೆ 5 ವೋಲ್ಟ್ ಬೇಕು, ನಡುವೆ ವೋಲ್ಟೇಜ್ ಇಳಿಸೋ 7805 ಐಸಿ ಹಾಕ್ಬೇಕು. ಚೆನ್ನಾಗಿದೆ, ಅಪಸ್ವರ ಮುಚ್ಚುತ್ತೆ, ಅದಕ್ಕೇ ಜಾಸ್ತಿ ಹಾಕ್ಬಾರ್ದು. 9 ವೋಲ್ಟ್ ಬ್ಯಾಟರಿ ಇದಿಷ್ಟನ್ನೂ ತಡೆಯಲ್ಲ, ಆರು ಪೆನ್‌ಸೆಲ್ ಹಾಕೋ ಹೋಲ್ಡರ್ ತಗೊಳ್ಳಿ. ಸ್ಪೀಕರೂ ಬದಲಾಯಿಸಿ, ಎರಡಿಂಚಿನದ್ರಲ್ಲಿ ಮಂದ್ರ ಕೇಳೋಕೆ ಸಾಧ್ಯಾನೇ ಇಲ್ಲ. ನಾನು ಕೆಟ್ಟ ಟಿವಿಯಿಂದ ಕಿತ್ತ ಸ್ಪೀಕರ್ ಹಾಕಿ, 386ರ 1 ಮತ್ತು 5ನೇ ಪಿನ್ ಮಧ್ಯೆ 10 ಕೆ ಮತ್ತು 333 ಸೀರೀಸಲ್ಲಿ ಕೊಟ್ಟೆ, ಮಂದ್ರ ಎತ್ತೋಕೆ ಡೇಟಾಶೀಟಲ್ಲೇ ಇರೋ ಉಪಾಯ ಅದು.

ಮೊನ್ನೆ ಸಂಜೆ ತಂಬೂರ ಆ್ಯಪ್ ಹಾಕ್ಕೊಂಡು ಮೋಹನದ ಆರೋಹಣ ಪ್ರಯತ್ನ ಪಡ್ತಿದ್ದೆ. ಮೆಟ್ಟಿಲಿಲ್ಲ ತಂತಿಯಿಲ್ಲ, ಗಾಳೀಲಿ ಗಾಂಧಾರ ಎಲ್ಲಿದೆ ಅಂತ ಹುಡುಕೋದು ಅಂದ್ರೆ ಕತ್ತಲೇಲಿ ಚಪ್ಪಲಿ ಹುಡುಕಿದಂಗೆ, ಆದ್ರೆ ಸಿಕ್ಕಾಗ ಗಮಕ ಮಾತ್ರ ಬೆರಳು ಅಲ್ಲಾಡಿಸಿದ್ರೆ ತಾನಾಗೇ ಬರುತ್ತೆ. ಅಮ್ಮ ಹುರುಳಿಕಾಯಿ ಮುರೀತಾ ಕೂತಿದ್ರು. "ಗಾಂಧಾರ ಮೇಲೋಯ್ತು ಕಣೋ, ಇಳಿಸು" ಅಂದ್ರು. ಇಳಿಸ್ದೆ. "ಈಗ ಜಾಸ್ತಿ ಇಳೀತು." ಅಂತೂ ಕುಕ್ಕರ್ ಮಾತು ಬರ್ಲಿಲ್ಲ.

ಒಟ್ಟು ಲೆಕ್ಕ, ಕಿಟ್ 1,240, ನಾನು ಸುಟ್ಟ ಐಸಿ ಸೇರಿ ಮೇಲಿನ ಖರ್ಚು 400ರ ಒಳಗೆ, ಅದ್ರಲ್ಲಿ ಎಕೋ ಬೋರ್ಡಿನದ್ದೇ ದೊಡ್ಡ ಪಾಲು. ಸ್ವರ ಸರಿ ಮಾಡಿದ ಡಯೋಡು, ಕೆಪಾಸಿಟರು, ರೆಸಿಸ್ಟರು, ಎಲ್‌ಡಿಆರು ಎಲ್ಲಾ ಸೇರಿ 50 ರೂಪಾಯಿ ದಾಟಿಲ್ಲ, ಅದನ್ನ ಕಿಟ್ಟಲ್ಲೇ ಹಾಕಿ ಕೊಡೋಕೆ ಏನು ಕಷ್ಟ ಇತ್ತೋ. ನೀವು ತಗೊಳ್ಳೋದಾದ್ರೆ ಆರ್ಡರ್ ಮಾಡೋಕ್ ಮುಂಚೆ ಸರ್ಕ್ಯೂಟ್ ಡಯಾಗ್ರಾಮ್ ಕಳಿಸಿ ಅಂತ ಕೇಳಿ, ಅದ್ರಲ್ಲಿ 4093 ಒಂದಿದೆಯಾ ಎರಡಿದೆಯಾ ನೋಡಿ, ಎರಡಿದ್ರೆ ಇನ್ನೂರು ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ. ಮತ್ತೆ ಯಾರ ಹತ್ರಾದ್ರೂ ಹಳೇ ಮರ್ಫಿ ಬುಷ್ ರೇಡಿಯೋ ಬೋರ್ಡ್ ಗುಜರಿಗೆ ಹಾಕೋದಿದ್ರೆ ಅದ್ರಲ್ಲಿ ಒಎ 79 ಇದೆಯಾ ಅಂತ ಒಂದ್ಸಲ ನೋಡಿ ಹೇಳಿ, ನನಗೆ ಇನ್ನೊಂದು ಬೇಕು.